ಹಾಯಿದೋಣಿಯಲ್ಲೇ ವಾಸ ಮಾಡುತ್ತಾ ದ್ವೀಪದ ಊರುಗಳನ್ನು ನೋಡಲು ಹೋದರೆ ಅಲ್ಲಿನ ಜನ ಸೇರಿಸಿಕೊಳ್ಳುತ್ತಾರಾ?

ಸೇರಿಸಿಕೊಳ್ಳುತ್ತಾರೆ. ಆದರೆ ಕೇಳಿಕೊಂಡು ಹೋಗಬೇಕು.

ನಾನು ಹುಟ್ಟಿದ್ದೇ ನಡುಗಡ್ಡೆಯಲ್ಲಿ. ರಾಯಚೂರು ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ನಡುವೆ ಕುರ್ವಕಲಾ ಇದೆಯಲ್ಲ, ಆ ಕಡೆಯವನು. ನಾರಾಯಣಪುರ ಡ್ಯಾಂನಿಂದ ನೀರು ಜಾಸ್ತಿ ಬಿಟ್ಟರೆ ನಮ್ಮ ತೆಪ್ಪ ನಿಲ್ಲುತ್ತಿತ್ತು. ಆಗ ಆಚೆ ದಡದಲ್ಲಿ ಜನ ನಿಂತು ನಮ್ಮನ್ನು ನೋಡುತ್ತಿದ್ದರು, ಫೋಟೊ ಹೊಡೆಯುತ್ತಿದ್ದರು. ಚಿಕ್ಕವನಿದ್ದಾಗಲೇ ಅದು ನನಗೆ ಸಿಟ್ಟು ತರಿಸುತ್ತಿತ್ತು. ನ್ಯೂಜಿಲೆಂಡಿನ ಆಕ್ಲೆಂಡಿನ ಗೆಳೆಯನೊಬ್ಬ ತನ್ನ 38 ಅಡಿ ದೋಣಿಗೆ ಕರೆದಾಗ ಮೊದಲು ನೆನಪಾದದ್ದು ಅದೇ. ಈಗ ನೋಡೋಕೆ ಹೋಗುವವನು ನಾನು!

ಪೆಸಿಫಿಕ್ ಸಾಗರದ ಫಿಜಿ ದೇಶದ ಲೌಟೋಕಾ ಬಂದರಿನಲ್ಲಿ ದೋಣಿ ಹತ್ತಿ, ಯಸಾವಾ ದ್ವೀಪಗಳ ಕಡೆ ಐದು ವಾರ ಸುತ್ತಿದೆವು. ಜುಲೈ ತಿಂಗಳು. ನವೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ಚಂಡಮಾರುತದ ಕಾಲ, ಹೋಗಬೇಡಿ. ಹೊರದೇಶದ ದೋಣಿ ಮೊದಲು ಬಂದರಿನಲ್ಲಿ ಕಾಗದಪತ್ರ ಮುಗಿಸಬೇಕು. ಹಳ್ಳಿಗಳಿರುವ ದ್ವೀಪಗಳಿಗೆ ಬೇರೆ ಪರವಾನಗಿಯೂ ಬೇಕು.

ಅಲ್ಲಿ ಊರಿನ ಮುಂದಿನ ಸಮುದ್ರದಲ್ಲಿ ಮೀನು ಹಿಡಿಯುವ ಹಕ್ಕು ತಲೆತಲಾಂತರದಿಂದ ಆ ಊರಿನವರದು. ಅಂದ್ರೆ ನೀವು ಲಂಗರು ಹಾಕಿದ್ದು ಒಬ್ಬರ ಅಂಗಳದಲ್ಲಿ. ಅದಕ್ಕೇ ದೋಣಿ ನಿಲ್ಲಿಸಿದ ಕೂಡಲೇ ಸಣ್ಣ ದೋಣಿಯಲ್ಲಿ ದಡಕ್ಕೆ ಹೋಗಿ ‘ಸೇವುಸೇವು’ ಒಪ್ಪಿಸಬೇಕು. ಅದೇನು ಅಂದ್ರೆ, ಯಂಗೋನಾ ಗಿಡದ ಒಣಗಿದ ಬೇರಿನ ಕಟ್ಟು. ಅದನ್ನು ಕುಟ್ಟಿ ನೀರಿನಲ್ಲಿ ಕಲಸಿದರೆ ಅದೇ ಕಾವಾ ಅನ್ನೋ ಪಾನೀಯ. ಅರ್ಧ ಕಿಲೋದ ಕಟ್ಟುಗಳನ್ನು ಲೌಟೋಕಾ ಮಾರ್ಕೆಟ್ಟಿನಲ್ಲೇ ಕೊಂಡಿದ್ದೆವು. ಊರ ಹಿರಿಯನ ಮುಂದೆ ಟೋಪಿ, ಕೂಲಿಂಗ್ ಗ್ಲಾಸ್ ತೆಗೆದು, ಚಪ್ಪಲಿ ಹೊರಗೆ ಬಿಟ್ಟು, ಚಕ್ಕಳಮಕ್ಕಳ ಹಾಕಿ ಕೂರಬೇಕು. ಗೌಡರ ಮನೆಗೆ ಎಲೆ ಅಡಿಕೆ ಹಿಡಿದು ಹೋದ ಹಾಗೇ ಅನ್ನಿಸಿತು. ನನಗೇನೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಗೆಳೆಯನಿಗೆ ಮಾತ್ರ ಮಂಡಿ ಮಡಚೋಕೆ ಆಗದೆ ಒದ್ದಾಟ.

ಕಾವಾ ಕುಡಿಯುವ ಮುಂಚೆ ಒಂದು ಚಪ್ಪಾಳೆ, ‘ಬುಲಾ’ ಅಂದು ಒಂದೇ ಗುಟುಕಿಗೆ ಇಳಿಸಿ, ಆಮೇಲೆ ಮೂರು ಚಪ್ಪಾಳೆ. ರುಚಿ? ನಮ್ಮ ಎರೆಮಣ್ಣು ಕಲಸಿದ ನೀರು. ನಾಲಿಗೆ ಮರಗಟ್ಟುತ್ತದೆ.

ಅಷ್ಟಾದ ಮೇಲೆ ನೀವು ಊರಿನವರು. ವಾಯಾ ದ್ವೀಪದಲ್ಲಿ ಒಬ್ಬ ಅಜ್ಜಿ ನಾಲ್ಕು ದಿನ ನಮ್ಮನ್ನು ಬಿಡಲೇ ಇಲ್ಲ. ನಾನು ಕಟಕ ರೊಟ್ಟಿ (ಒಣಗಿಸಿದ ಜೋಳದ ರೊಟ್ಟಿ), ಶೇಂಗಾ ಹಿಂಡಿ (ಚಟ್ನಿಪುಡಿ) ಒಯ್ದಿದ್ದೆ. ವಿಮಾನ ನಿಲ್ದಾಣದಲ್ಲಿ ಫಾರಂನಲ್ಲಿ ಬರೆದು ತೋರಿಸಿದ್ದೆ, ನೀವೂ ಮುಚ್ಚಿಡಬೇಡಿ. ಫ್ರಿಡ್ಜ್ ನೆಚ್ಚಿಕೊಳ್ಳಲಾಗದ ದೋಣಿಗೆ ಕಟಕ ರೊಟ್ಟಿಯಂಥ ಊಟ ಇನ್ನೊಂದಿಲ್ಲ ಬಿಡಿ. ಅಜ್ಜಿ ಹಿಂಡಿಯನ್ನು ಮರಗೆಣಸಿನ ಜೊತೆ ತಿಂದು ಡಬ್ಬಿಯನ್ನೇ ಇಟ್ಟುಕೊಂಡರು. “ನಿಮ್ಮೂರೂ ದ್ವೀಪವಂತೆ, ಅಲ್ಲಿಗೆ ಬರುವವರು ಏನು ತರ್ತಾರೆ?” ಅಂತ ಕೇಳಿದರು. “ಮೊಬೈಲು” ಅಂದೆ.

ಅಂದಹಾಗೆ, ಲೌಟೋಕಾದಲ್ಲಿ ಭಾರತ ಮೂಲದ ಒಬ್ಬರು “ನಮ್ಮ ಮುತ್ತಜ್ಜ ಗಿರ್ಮಿಟ್‌ನಲ್ಲಿ ಬಂದವರು” ಅಂದಾಗ ನಾನು ನಮ್ಮ ಕಡೆ ಮಂಡಾಳಿನಲ್ಲಿ (ಮಂಡಕ್ಕಿ) ಮಾಡುವ ಗಿರ್ಮಿಟ್ ತಿಂಡಿ ನೆನೆಸಿಕೊಂಡು ನಕ್ಕುಬಿಟ್ಟೆ. ಆಮೇಲೆ ನಾಚಿಕೆಯಾಯಿತು. ಬ್ರಿಟಿಷರ ಕಾಲದಲ್ಲಿ ಕರಾರಿನ ಮೇಲೆ ಭಾರತದಿಂದ ಅಲ್ಲಿಗೆ ಹೋದ ಕೂಲಿಗಳ ಬಾಯಲ್ಲಿ ‘ಅಗ್ರಿಮೆಂಟ್’ ಅನ್ನೋದು ಹಾಗಾಗಿದೆ. 1879ರಲ್ಲಿ ಲಿಯೋನಿಡಾಸ್ ಹಡಗಿನಲ್ಲಿ ಅವರ ಮೊದಲ ತಂಡ ಬಂತು.

ದೋಣಿಯ ಬದುಕು ಮಾತ್ರ ಫೋಟೊದಲ್ಲಿ ಕಂಡ ಹಾಗಲ್ಲ. ಉಪ್ಪುನೀರಲ್ಲಿ ಸ್ನಾನ, ಕೊನೆಗೆ ಒಂದು ಚೊಂಬು ಸಿಹಿನೀರು. ರಾತ್ರಿ ಗಾಳಿ ತಿರುಗಿದರೆ ಎದ್ದು ಲಂಗರು ಜಾರಿದೆಯಾ ಅಂತ ನೋಡಬೇಕು. ಹವಳದ ದಿಬ್ಬಗಳ ನಡುವೆ ಹೋಗುವುದು ಸೂರ್ಯ ನೆತ್ತಿಯ ಹತ್ತಿರ, ಬೆನ್ನ ಹಿಂದೆ ಇದ್ದಾಗ ಮಾತ್ರ. ಇಲ್ಲದಿದ್ದರೆ ನೀರಿನ ಬಣ್ಣ ಕಾಣುವುದಿಲ್ಲ, ದಿಬ್ಬವೂ ಕಾಣುವುದಿಲ್ಲ. ಭಾನುವಾರ ಊರಿನ ಮುಂದೆ ಈಜಬೇಡಿ. ಅವತ್ತು ಚರ್ಚು, ಊಟ, ನಿದ್ದೆ ಅಷ್ಟೇ. ಮಕ್ಕಳ ಕೈಗೆ ದುಡ್ಡು ಕೊಡಬೇಡಿ, ಶಾಲೆಗೆ ನೋಟ್‌ಬುಕ್ ಕೊಡಿ.

ಅಷ್ಟು ದೂರ ಆಗದಿದ್ದರೆ ನಮ್ಮ ಕಡೆಗೇ ಬನ್ನಿ. ಬೇಸಿಗೆಯಲ್ಲಿ, ಹೊಳೆ ಇಳಿದಾಗ. ತೆಪ್ಪದವನಿಗೆ ಎಷ್ಟು ಕೊಡಬೇಕು ಅಂತ ಹತ್ತುವ ಮುಂಚೆಯೇ ಕೇಳಿ. ಎಲೆ ಅಡಿಕೆ ತಂದರೆ ನಮ್ಮ ದೊಡ್ಡಪ್ಪ ಮಧ್ಯಾಹ್ನದವರೆಗೂ ಮಾತಾಡುತ್ತಾರೆ.