ವಿಡಿಯೊ ಬೇಡ, ಪಿಪಿಟಿ ಕಳಿಸು

ಮೊನ್ನೆ ಬೆಂಗಳೂರಿನ ಗೆಳೆಯ ಫೋನಿನಲ್ಲಿ ಕೇಳಿದ. "ಮುಂಬೈಯಲ್ಲಿ ಇನ್ನೂ ಕನ್ನಡ ಶಾಲೆ ಇದೆಯೇನೋ? ಅದೇನೋ ಫ್ಲಿಪ್ಡ್ ಕ್ಲಾಸ್‌ರೂಮ್ ಅಂತ ರಾತ್ರಿಯೆಲ್ಲ ಕೂತು ವಿಡಿಯೊ ಮಾಡ್ತೀಯಂತೆ. ಯೂಟ್ಯೂಬ್‌ನಲ್ಲಿ ಕನ್ನಡದಲ್ಲೇ ಬೇಕಾದಷ್ಟಿದೆ, ಲಿಂಕ್ ಕಳಿಸಿದ್ರೆ ಆಯ್ತಪ್ಪ."

ಆಯ್ತಪ್ಪ ಅಂತೆ!

ಶಾಲೆ ಇದೆ ಕಣೋ. ಪಾಲಿಕೆಯದೂ ಇದೆ, ಸಂಘಗಳು ನಡೆಸುವಂಥದ್ದೂ ಇವೆ. ನಾನು ಅಕ್ಕಲಕೋಟೆ ಕಡೆಯವನು, ಹತ್ತನೆಯವರೆಗೆ ಓದಿದ್ದು ಕನ್ನಡದಲ್ಲೇ, ಮಹಾರಾಷ್ಟ್ರದಲ್ಲೇ. ನನ್ನ ಕನ್ನಡ ಕೇಳಿದರೆ ನಿಮ್ಮೂರಿನವರು 'ಮರಾಠಿಯವರಾ?' ಅಂತಾರೆ. ಇಲ್ಲಿಯವರು 'ಈ ಕಡೆ ಯಾವಾಗ ಬಂದಿರಿ?' ಅಂತಾರೆ. ಎಲ್ಲಿಂದ ಬರೋದು, ಹುಟ್ಟಿದ್ದೇ ಈ ಕಡೆ.

ಫ್ಲಿಪ್ಡ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಪಾಠ ಮನೆಯಲ್ಲಿ ನೋಡೋದು, ಲೆಕ್ಕ ಶಾಲೆಯಲ್ಲಿ ಮಾಡೋದು. 2007ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಬರ್ಗ್‌ಮನ್ ಮತ್ತು ಸ್ಯಾಮ್ಸ್ ಎಂಬ ಇಬ್ಬರು ರಸಾಯನಶಾಸ್ತ್ರದ ಮೇಷ್ಟ್ರು, ಕ್ಲಾಸು ತಪ್ಪಿಸಿಕೊಂಡ ಮಕ್ಕಳಿಗಾಗಿ ಪಾಠ ರೆಕಾರ್ಡ್ ಮಾಡಿಟ್ಟರು. ಇದು ಹಬ್ಬಿದ್ದು ಅಲ್ಲಿಂದ. ನಮ್ಮ ಮಕ್ಕಳ ಮನೆಯಲ್ಲಿ ಒಂದೇ ಫೋನು. ಹೋಟೆಲ್ ಕೆಲಸ ಮುಗಿಸಿ ಅಪ್ಪ ರಾತ್ರಿ ಹನ್ನೊಂದೂವರೆಗೆ ಖೋಲಿಗೆ ಬಂದಮೇಲೆ ಅದು ಕೈಗೆ ಸಿಗುತ್ತದೆ. ಹಾಗಾಗಿ ಆರು ನಿಮಿಷಕ್ಕಿಂತ ಉದ್ದದ ವಿಡಿಯೊ ನಾನು ಕಳಿಸಲ್ಲ. ಇದನ್ನು ಹೇಗೋ ನಿಭಾಯಿಸುತ್ತೇವೆ.

ನಿಭಾಯಿಸಲಾಗದ್ದು ನಿನ್ನ ಆ ಲಿಂಕು.

ನಮ್ಮ ಪುಸ್ತಕ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿಯದು. 1967ರಲ್ಲಿ ಶುರುವಾದ ಈ ಸಂಸ್ಥೆ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತದೆ. ಕರ್ನಾಟಕದ ಹತ್ತನೆಯ ಗಣಿತ ಎನ್‌ಸಿಇಆರ್‌ಟಿಯದು. ಎರಡು ಚರಾಕ್ಷರಗಳ ಸಮೀಕರಣ ಎರಡರಲ್ಲೂ ಇದೆ, ಆದರೆ ನಮ್ಮಲ್ಲಿ ಅದರೊಳಗೆ ಕ್ರೇಮರ್ ನಿಯಮ ಅಂತ ಸಮೀಕರಣ ಬಿಡಿಸುವ ಒಂದು ವಿಧಾನ ಇದೆ, ನಿಮ್ಮಲ್ಲಿಲ್ಲ. ಜಿಎಸ್‌ಟಿ, ಶೇರು, ಮ್ಯೂಚುವಲ್ ಫಂಡಿನ ಒಂದಿಡೀ ಅಧ್ಯಾಯ ನಮಗಿದೆ, ನಿಮಗಿಲ್ಲ. ಹೋದ ವರ್ಷ ಆಸೆಪಟ್ಟು ಧಾರವಾಡ ಕಡೆಯ ಒಬ್ಬ ಮೇಡಂ ವಿಡಿಯೊ ಕಳಿಸಿದೆ. ಎಷ್ಟು ಚೆಂದ ಹೇಳಿದ್ದರು ಅಂತೀಯ! ಕೊನೆಗೆ ನಗುತ್ತಾ, "ಇಲ್ಲಿಗೆ ಈ ಅಧ್ಯಾಯ ಮುಗಿಯಿತು" ಅಂದರು. ಮರುದಿನ ನಾನು ಬೋರ್ಡಿನ ಮೇಲೆ ಕ್ರೇಮರ್ ಅಂತ ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಮೇಡಂ ಮುಗೀತು ಅಂದ್ರಲ್ಲ?"

ಸರಿ, ಮರಾಠಿ ವಿಡಿಯೊ ಹಾಕೋಣ ಅಂದರೆ ಪಾಠ ಪಕ್ಕಾ ನಮ್ಮದೇ, ಭಾಷೆ ಅಲ್ಲ. ಒಮ್ಮೆ ಅದರ ದನಿ ತೆಗೆದು ನನ್ನ ಕನ್ನಡ ಕೂರಿಸಲು ಹೋದೆ. ಹಿನ್ನೆಲೆಯ ಕೊಳಲು, ತಬಲಾ ಎಲ್ಲ ಮಾತಿನ ಜೊತೆಗೇ ಹೋಯಿತು. ಪರದೆಯ ಮೇಲಿನ ಅಕ್ಷರ ಮಾತ್ರ ಮರಾಠಿಯಲ್ಲೇ ಕೂತಿತ್ತು. ವಿಡಿಯೊ ಅಂದರೆ ಬೆಂದ ಅನ್ನ ಕಣೋ, ಮತ್ತೆ ಅಕ್ಕಿ ಮಾಡೋಕಾಗಲ್ಲ. ಸರ್ಕಾರದ ಆನ್‌ಲೈನ್ ಪಾಠಗಳ ತಾಣ 'ದೀಕ್ಷಾ'ದಲ್ಲಿ ಬಹಳಷ್ಟಕ್ಕೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದೆ, ಹೆಸರು ಹೇಳಿ ಬದಲಿಸಿಕೊಳ್ಳಿ ಅನ್ನುತ್ತಾರೆ. ಅನುಮತಿ ಸಿಕ್ಕಿತು ಸರಿ, ಬದಲಿಸೋದು ಯಾವುದನ್ನು? ಮೂಲ ಫೈಲು ಎಲ್ಲಿದೆ?

ಆಮೇಲೆ ನಾನೇ ಮಾಡಿದೆ. ಎರಡು ವಡಾಪಾವ್, ಮೂರು ಚಹಾಕ್ಕೆ 70 ರೂಪಾಯಿ. ಮೂರು ವಡಾಪಾವ್, ಒಂದು ಚಹಾಕ್ಕೂ 70. ಒಂದೊಂದರ ಬೆಲೆ ಎಷ್ಟು? ಕ್ರೇಮರ್ ಹಾಕಿದರೆ ವಡಾಪಾವ್ 20, ಚಹಾ 10. ಏಳು ಸ್ಲೈಡು. ಮೇಷ್ಟ್ರುಗಳ ಗ್ರೂಪಿಗೆ ವಿಡಿಯೊ ಅಲ್ಲ, ಪಿಪಿಟಿಯನ್ನೇ ಹಾಕಿದೆ. ಹಳೆಯ ನುಡಿ ಫಾಂಟಿನಲ್ಲಿದ್ದರೆ ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಉದುರುತ್ತವೆ ಅಂತ, ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿನಲ್ಲೇ ಬರೆದಿದ್ದೆ. ಎರಡು ದಿನಕ್ಕೆ ಸಾಂಗ್ಲಿ ಜಿಲ್ಲೆಯ ಜತ್ತದ ಸರ್ ಒಬ್ಬರು ವಾಪಸ್ ಕಳಿಸಿದರು. ವಡಾಪಾವ್ ಹೋಗಿ ಮಿರ್ಚಿ ಭಜಿ ಆಗಿತ್ತು. ನಾಲ್ಕನೇ ಸ್ಲೈಡಿನಲ್ಲಿ ನಾನು ಮರೆತಿದ್ದ ಋಣ ಚಿಹ್ನೆಯನ್ನೂ ಸರಿ ಮಾಡಿದ್ದರು, ಸುಮ್ನೆ, ಹೇಳದೆ.

ನಿಮ್ಮ ಅತ್ತಿಗೆ ಗಣಿತದ ಟೀಚರ್ ಅಲ್ವಾ? ಅವರಿಗೆ ಹೇಳು, ತ್ರಿಕೋನಮಿತಿ ಪಾಠದ ಪಿಪಿಟಿ ಇದ್ದರೆ ಕಳಿಸಲಿ. ಅವರ ಹೆಸರು ಮೊದಲ ಸ್ಲೈಡಿನಲ್ಲೇ ಇರುತ್ತದೆ. ಕೊನೆಯಲ್ಲಿ 'ಮುಗಿಯಿತು' ಅಂತ ಮಾತ್ರ ಬರೆಯೋದು ಬೇಡ.