ಕಮ್ಯುನಿಟಿ ಕಾಲೇಜಿಂದ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗೋದು ಜನ ಹೇಳುವಷ್ಟು ಸುಲಭವಾ?

ಪ್ರಶ್ನೆ ಕೇಳಿದವರು ಮೈಸೂರಲ್ಲಿ ಸೆಕೆಂಡ್ ಪಿಯು ಮುಗಿಸಿ, ಅಪ್ಪನ ಕೆಲಸದ ಕಾರಣಕ್ಕೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದಿದ್ದಾರಂತೆ. ಕಮ್ಯುನಿಟಿ ಕಾಲೇಜು ಅಂದರೆ ಡಿಗ್ರಿಯ ಮೊದಲೆರಡು ವರ್ಷದ ಪಾಠ ಮಾಡುವ, ಎಲ್ಲರನ್ನೂ ಸೇರಿಸಿಕೊಳ್ಳುವ ಸರ್ಕಾರಿ ಕಾಲೇಜು. "ಎರಡು ವರ್ಷ ಕಮ್ಯುನಿಟಿ ಕಾಲೇಜು, ಆಮೇಲೆರಡು ವರ್ಷ ಯೂನಿವರ್ಸಿಟಿ, ಡಿಗ್ರಿ ಅದೇ, ಖರ್ಚು ಅರ್ಧ ಅಂತ ಎಲ್ಲರೂ ಹೇಳ್ತಾರೆ. ಆದರೆ ಮಾಡಿದವರನ್ನ ಕೇಳಿದ್ರೆ ಮುಖ ಸಿಂಡರಿಸ್ತಾರೆ, ಯಾಕೆ?" ಅಂತ ಅವರ ಪ್ರಶ್ನೆ.

ನಾನೂ ಆ ಮುಖ ಸಿಂಡರಿಸುವವರ ಗುಂಪಿನವನೇ. ತುಮಕೂರಲ್ಲಿ ಪಿಯು ಮುಗಿಸಿ, ಎಚ್-4 ವೀಸಾದ (ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುವವರ ಹೆಂಡತಿ/ಗಂಡ, ಮಕ್ಕಳದ್ದು) ಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾಕ್ಕೆ ಬಂದು, ಕಮ್ಯುನಿಟಿ ಕಾಲೇಜು ಸೇರಿ, ಅಲ್ಲಿಂದ ಕಂಪ್ಯೂಟರ್ ಸೈನ್ಸ್‌ಗೆ ಟ್ರಾನ್ಸ್‌ಫರ್ ಆಗಿ, ಈಗ ಕೆಲಸದಲ್ಲಿದ್ದೇನೆ. ಮತ್ತೆ ಹದಿನೆಂಟು ತುಂಬಿದರೂ ಇದೇ ದಾರಿ ಹಿಡಿಯುತ್ತೇನೆ. ಹಾಗಂತ ಸಿಟ್ಟು ಪೂರ್ತಿ ಇಳಿದಿದೆ ಅಂದರೆ ಸುಳ್ಳು.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ, ಅದರಲ್ಲಿ ಜನ ಹೇಳುವುದು ನಿಜ. ಕ್ಯಾಲಿಫೋರ್ನಿಯಾ ನಿವಾಸಿ ಅಂತ ಲೆಕ್ಕಕ್ಕೆ ಬಂದವರಿಗೆ ಕಮ್ಯುನಿಟಿ ಕಾಲೇಜಲ್ಲಿ ಯೂನಿಟ್‌ಗೆ (ಕೋರ್ಸಿನ ಗಾತ್ರ ಅಳೆಯುವ ಕ್ರೆಡಿಟ್) 46 ಡಾಲರ್. ಎರಡು ವರ್ಷದ ಓದಿನ 60 ಯೂನಿಟ್‌ಗೆ 2,760 ಡಾಲರ್. ಯುಸಿಯಲ್ಲಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಒಂದೇ ವರ್ಷದ ಫೀಸು 14 ಸಾವಿರ ಡಾಲರ್ ದಾಟುತ್ತದೆ, ಸಿಎಸ್‌ಯುನಲ್ಲಿ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ವರ್ಷಕ್ಕೆ 6 ಸಾವಿರದ ಮೇಲೆ. ಪಾಠವೂ ಕಳಪೆಯಲ್ಲ. ನನಗೆ ಕ್ಯಾಲ್ಕುಲಸ್ ಕಲಿಸಿದ ಮೇಷ್ಟ್ರಂಥವರು ಮುಂದೆ ಯೂನಿವರ್ಸಿಟಿಯಲ್ಲಿ ಒಬ್ಬರೂ ಸಿಗಲಿಲ್ಲ. ಮೂವತ್ತು ಚಿಲ್ಲರೆ ಜನರ ಕ್ಲಾಸು, ಹೆಸರು ಹಿಡಿದು ಕರೆಯುತ್ತಿದ್ದರು. ತಪ್ಪುವುದು "ಎರಡು ವರ್ಷ ಕೂಡಿಸು ಎರಡು ವರ್ಷ" ಅನ್ನುವ ಲೆಕ್ಕ.

ಯಾಕೆ ತಪ್ಪುತ್ತದೆ ಅಂದರೆ, ಇಲ್ಲಿ ಮೂರು ಬೇರೆ ಬೇರೆ ವ್ಯವಸ್ಥೆಗಳಿವೆ. 1960ರ ಮಾಸ್ಟರ್ ಪ್ಲಾನ್‌ನಲ್ಲಿ ಕ್ಯಾಲಿಫೋರ್ನಿಯಾ ಕೆಲಸ ಹಂಚಿಬಿಟ್ಟಿತು: ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗ ಯುಸಿಗೆ, ಮೇಲಿನ ಮೂರನೇ ಒಂದು ಭಾಗ ಸಿಎಸ್‌ಯುಗೆ, ಕಮ್ಯುನಿಟಿ ಕಾಲೇಜಿನ ಬಾಗಿಲು ಎಲ್ಲರಿಗೂ. ಅಲ್ಲಿಂದ ಮೇಲಕ್ಕೆ ಹತ್ತಲು ಟ್ರಾನ್ಸ್‌ಫರ್ ಅನ್ನುವ ಮೆಟ್ಟಿಲು. ಕಾಗದದ ಮೇಲೆ ಒಳ್ಳೆಯ ಯೋಜನೆಯೇ. ಆದರೆ ಮೂರಕ್ಕೂ ಬೇರೆ ಬೇರೆ ಆಡಳಿತ ಮಂಡಳಿ. 116 ಕಮ್ಯುನಿಟಿ ಕಾಲೇಜು ಒಂದು ಕಡೆ, ಪದವಿ ಕೊಡುವ ಯುಸಿಯ 9 ಕ್ಯಾಂಪಸ್ ಇನ್ನೊಂದು ಕಡೆ, ಸಿಎಸ್‌ಯು ಕ್ಯಾಂಪಸ್‌ಗಳು ಮತ್ತೊಂದು ಕಡೆ. ಯಾವ ಕಾಲೇಜಿನ ಯಾವ ಕೋರ್ಸು ತಮ್ಮ ಯಾವ ಕೋರ್ಸಿಗೆ ಸಮ ಅಂತ ತೀರ್ಮಾನಿಸುವುದು ಆಯಾ ಕ್ಯಾಂಪಸ್ಸು, ಎಷ್ಟೋ ಸಲ ಆಯಾ ಡಿಪಾರ್ಟ್‌ಮೆಂಟು. ಕಾಲೇಜು ಮತ್ತು ಕ್ಯಾಂಪಸ್ಸಿನ ನಡುವೆ ಕಾಗದ ಹೊತ್ತು ಓಡಾಡುವ ಕೆಲಸ ಮಾತ್ರ ವಿದ್ಯಾರ್ಥಿಯದ್ದು.

ಯಾರೂ ಬಿಡಿಸಿ ಹೇಳದ ಸಂಗತಿ ಒಂದಿದೆ. ನಿಮ್ಮ ಕೋರ್ಸು ಟ್ರಾನ್ಸ್‌ಫರ್ ಆಯಿತು ಅಂದರೆ ಅದರ ಯೂನಿಟ್ಟು ನಿಮ್ಮ ಖಾತೆಗೆ ಬಿತ್ತು ಅಂತಷ್ಟೇ. ಆ ಕೋರ್ಸು ನಿಮ್ಮ ಮೇಜರ್‌ಗೆ (ಡಿಗ್ರಿಯ ಮುಖ್ಯ ವಿಷಯ) ಬೇಕಾದ ವಿಷಯದ ಜಾಗದಲ್ಲಿ ಕೂರುತ್ತದಾ ಅನ್ನುವುದು ಬೇರೆಯದೇ ಪ್ರಶ್ನೆ. ಕೂರದಿದ್ದರೆ ಅದು ಎಲೆಕ್ಟಿವ್ (ಐಚ್ಛಿಕ ಕೋರ್ಸು) ಆಗಿ ಮೂಲೆ ಸೇರುತ್ತದೆ. ಮೊತ್ತ ನೋಡಿದರೆ ಭರ್ತಿ 60, ಡಿಗ್ರಿಗೆ ಇನ್ನೆಷ್ಟು ಬಾಕಿ ಅಂತ ನೋಡಿದರೆ ಎರಡೂವರೆ ವರ್ಷ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕ ಸಂಸ್ಥೆ ಜಿಎಒ 2017ರಲ್ಲಿ ಕೊಟ್ಟ ವರದಿ ಪ್ರಕಾರ ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಸರಾಸರಿ 43% ಕ್ರೆಡಿಟ್ ಕಳೆದುಕೊಳ್ಳುತ್ತಾರೆ. ಇದು ಇಡೀ ದೇಶದ, ಎಲ್ಲ ಬಗೆಯ ಕಾಲೇಜುಗಳನ್ನೂ ಸೇರಿಸಿದ ಅಂದಾಜು. ಸರ್ಕಾರಿ ಕಮ್ಯುನಿಟಿ ಕಾಲೇಜಿಂದ ಸರ್ಕಾರಿ ಯೂನಿವರ್ಸಿಟಿಗೆ ಹೋಗುವವರ ನಷ್ಟ ಅದಕ್ಕಿಂತ ಕಡಿಮೆ, ಹಾಗಾಗಿ ಗಾಬರಿ ಬೇಡ.

ನನಗೆ ಆಗಿದ್ದು ಹೇಳುತ್ತೇನೆ, ಕಾಲೇಜುಗಳ ಹೆಸರು ಬೇಡ. ಕಮ್ಯುನಿಟಿ ಕಾಲೇಜಲ್ಲಿ ಡಿಸ್ಕ್ರೀಟ್ ಮ್ಯಾಥ್ಸ್ ಮಾಡಿದ್ದೆ, ಎ ಬಂದಿತ್ತು. ನಾನು ಅರ್ಜಿ ಹಾಕಿದ್ದ ಕ್ಯಾಂಪಸ್‌ಗಳಲ್ಲಿ ಎರಡು ಕಡೆ ಅದು ಸಲ್ಲುತ್ತಿತ್ತು. ಸೀಟು ಸಿಕ್ಕಿದ್ದು ಅದು ಸಲ್ಲದ ಕ್ಯಾಂಪಸ್‌ನಲ್ಲಿ. ಅಸಿಸ್ಟ್ ಡಾಟ್ ಆರ್ಗ್ ಅಂತ ರಾಜ್ಯದ ಅಧಿಕೃತ ತಾಣವಿದೆ; ನಿಮ್ಮ ಕಾಲೇಜು, ಹೋಗಬೇಕಾದ ಕ್ಯಾಂಪಸ್, ಮೇಜರ್ ಆರಿಸಿದರೆ ಎಡಗಡೆ ಅವರ ಕೋರ್ಸು, ಬಲಗಡೆ ಅದಕ್ಕೆ ಸಮನಾದ ನಿಮ್ಮ ಕಾಲೇಜಿನ ಕೋರ್ಸು ತೋರಿಸುತ್ತದೆ. ನನ್ನ ಪಟ್ಟಿಯಲ್ಲಿ ಆ ಸಾಲಿನ ಬಲಗಡೆ "ನೋ ಕೋರ್ಸ್ ಆರ್ಟಿಕ್ಯುಲೇಟೆಡ್" ಅಂತಿತ್ತು, ಅಂದರೆ ಸಮನಾದ ಕೋರ್ಸಿಲ್ಲ. ಹಾಗಿದ್ದರೆ ಪಿಟಿಷನ್ ಹಾಕಬಹುದು ಅಂದರು. ಅದಕ್ಕೆ ಸಿಲಬಸ್, ವಾರವಾರದ ಪಾಠದ ಪಟ್ಟಿ, ಪಠ್ಯಪುಸ್ತಕದ ಹೆಸರು ಮತ್ತು ಆವೃತ್ತಿ, ಸಾಧ್ಯವಾದರೆ ಹೋಮ್‌ವರ್ಕು. ಕಲಿಸಿದವರು ಪಾರ್ಟ್‌ಟೈಮ್ ಮೇಷ್ಟ್ರು, ಅಷ್ಟರಲ್ಲಿ ಬೇರೆ ಊರಿಗೆ ಹೋಗಿದ್ದರು, ಕಾಲೇಜಿನ ಇಮೇಲು ಬಂದ್ ಆಗಿತ್ತು. ಹೇಗೋ ಒಟ್ಟುಮಾಡಿ ಕಳಿಸಿದೆ. ಉತ್ತರ ಬರುವಷ್ಟರಲ್ಲಿ ಸೆಮಿಸ್ಟರ್ ಅರ್ಧ ಮುಗಿದು, ಕೋರ್ಸ್ ಸೇರಿಸಿಕೊಳ್ಳುವ ಗಡುವು ಯಾವತ್ತೋ ದಾಟಿತ್ತು. ಉತ್ತರ "ಆಗುವುದಿಲ್ಲ" ಅಂತ. ಕಾರಣ ಒಂದೇ ಸಾಲು.

ಮುಂದಿನ ಸೆಮಿಸ್ಟರ್ ಅದೇ ಡಿಸ್ಕ್ರೀಟ್ ಮ್ಯಾಥ್ಸ್ ಕ್ಲಾಸಿನಲ್ಲಿ ಕೂತೆ. ಅದೇ ಟ್ರೂತ್ ಟೇಬಲ್, ಅದೇ ಇಂಡಕ್ಷನ್, ಅದೇ ಪುಸ್ತಕ, ಒಂದು ಆವೃತ್ತಿ ಮುಂದಿನದು ಅಷ್ಟೇ. ನೋವಾಗಿದ್ದು ಮತ್ತೆ ಓದಿದ್ದಕ್ಕಲ್ಲ. ಡಿಸ್ಕ್ರೀಟ್ ಮುಗಿಯದೆ ಆಲ್ಗರಿದಮ್ಸ್‌ಗೆ ಬಿಡುವುದಿಲ್ಲ, ಆಲ್ಗರಿದಮ್ಸ್ ಇಲ್ಲದೆ ಮುಂದಿನ ನಾಲ್ಕಾರು ಕೋರ್ಸಿಗೆ ಪ್ರವೇಶವಿಲ್ಲ. ಒಂದು ಕೋರ್ಸ್ ತಪ್ಪಿದ್ದಕ್ಕೆ ಇಡೀ ಸರಪಳಿ ಹಿಂದೆ ಸರಿಯಿತು, ಪದವಿ ಅಷ್ಟು ತಡವಾಯಿತು. ಆ ಹೆಚ್ಚಿನ ಅವಧಿಗೆ ಕಟ್ಟಿದ್ದು ಯೂನಿಟ್‌ಗೆ 46 ಡಾಲರ್ ಅಲ್ಲ, ಯೂನಿವರ್ಸಿಟಿ ರೇಟು.

"ಹಾಗಾದರೆ ಮೊದಲೇ ನೋಡಿಕೊಳ್ಳಬೇಕಿತ್ತು" ಅಂತ ಅಂಕಲ್‌ಗಳು ಹೇಳುತ್ತಾರೆ. ನೋಡಿಕೊಂಡಿದ್ದೆ. ನಾಲ್ಕು ಕ್ಯಾಂಪಸ್‌ಗೆ ಅರ್ಜಿ ಹಾಕಿದರೆ ನಾಲ್ಕು ಪಟ್ಟಿ. ಒಂದು ಕಡೆ ಲೀನಿಯರ್ ಆಲ್ಜೀಬ್ರಾ ಬೇಕೇಬೇಕು, ಇನ್ನೊಂದು ಕಡೆ ಫಿಸಿಕ್ಸ್ ಪೂರ್ತಿ ಸರಣಿ ಬೇಕು, ಮತ್ತೊಂದು ಕಡೆ ಕಂಪ್ಯೂಟರ್ ಆರ್ಗನೈಸೇಷನ್ ಬೇಕು, ಅದನ್ನು ನಿಮ್ಮ ಕಾಲೇಜು ವರ್ಷಕ್ಕೊಮ್ಮೆ ಮಾತ್ರ ಸಂಜೆ ನಡೆಸುತ್ತದೆ, ವೇಟ್‌ಲಿಸ್ಟು ಬೇರೆ. ಎಲ್ಲರ ಪಟ್ಟಿಯನ್ನೂ ಎರಡೇ ವರ್ಷದಲ್ಲಿ ತುಂಬಿಸುವುದು ಕಂಪ್ಯೂಟರ್ ಸೈನ್ಸಿನವರಿಗೆ ಹೆಚ್ಚುಕಡಿಮೆ ಆಗದ ಮಾತು. ಇತಿಹಾಸ, ಸೈಕಾಲಜಿಯವರಿಗೆ ಇಷ್ಟು ಗೋಳಿಲ್ಲ.

ಕೌನ್ಸೆಲರ್‌ಗಳನ್ನು ಬೈಯಲು ಮನಸ್ಸಾಗುತ್ತದೆ, ಆದರೆ ಅವರ ಮುಂದಿನ ಸಾಲು ನೋಡಿದರೆ ಪಾಪ ಅನ್ನಿಸುತ್ತದೆ. ಸೆಮಿಸ್ಟರ್ ಶುರುವಾಗುವ ವಾರ ಡ್ರಾಪ್-ಇನ್ ಅಂತ ಹೋದರೆ ಗಂಟೆಗಟ್ಟಲೆ ಕಾದು ಸಿಗುವುದು ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಅವರು ಜನರಲ್ ಎಜುಕೇಷನ್ (ಜಿಇ, ಮೇಜರ್ ಯಾವುದಾದರೂ ಮಾಡಬೇಕಾದ) ಕೋರ್ಸುಗಳ ಹಾಳೆ ತೆಗೆದು ಟಿಕ್ ಹಾಕುತ್ತಾರೆ. ಈಗ ಅದಕ್ಕೆ ಕ್ಯಾಲ್-ಜಿಟೆಕ್ ಅಂತ ಹೆಸರು, 2025ರ ಫಾಲ್‌ನಿಂದ ಯುಸಿಗೂ ಸಿಎಸ್‌ಯುಗೂ ಒಂದೇ ಪಟ್ಟಿ, 34 ಯೂನಿಟ್. ನಮ್ಮ ಕಾಲದಲ್ಲಿ ಒಂದಕ್ಕಿಂತ ಹೆಚ್ಚು ಪಟ್ಟಿ ಇತ್ತು, ಅಷ್ಟರ ಮಟ್ಟಿಗೆ ನೀವು ಪುಣ್ಯವಂತರು. ಆದರೆ ಕಂಪ್ಯೂಟರ್ ಸೈನ್ಸ್, ಇಂಜಿನಿಯರಿಂಗ್ ಕಡೆಯವರು ಸೀಟು ಕೊಡುವಾಗ ಮೊದಲು ನೋಡುವುದು ಮೇಜರ್‌ನ ಗಣಿತ, ಫಿಸಿಕ್ಸ್, ಪ್ರೋಗ್ರಾಮಿಂಗ್. ಜಿಇ ಹಾಳೆ ಪೂರ್ತಿ ಟಿಕ್ ಆಗಿ ಮೇಜರ್ ಅರ್ಧ ಉಳಿದವರು ಒದ್ದಾಡುವುದನ್ನು ಕಣ್ಣಾರೆ ನೋಡಿದ್ದೇನೆ. ಕೌನ್ಸೆಲರ್ ಟಿಕ್ ಹಾಕಿಕೊಟ್ಟ ಹಾಳೆ ಇಟ್ಟುಕೊಳ್ಳಿ, ಆದರೆ ನಂಬಬೇಕಾದ್ದು ಅಸಿಸ್ಟ್ ಪುಟವನ್ನು.

ಕ್ವಾರ್ಟರ್-ಸೆಮಿಸ್ಟರ್ ತಾಪತ್ರಯ ಬೇರೆ. ಬರ್ಕ್ಲಿ ಮತ್ತು ಮರ್ಸೆಡ್ ಬಿಟ್ಟರೆ ಯುಸಿಯ ಉಳಿದ ಪದವಿ ಕ್ಯಾಂಪಸ್‌ಗಳಲ್ಲಿ ಕ್ವಾರ್ಟರ್, ಅಂದರೆ ವರ್ಷಕ್ಕೆ ಎರಡು ಸೆಮಿಸ್ಟರ್ ಬದಲು ಮೂರು ಚಿಕ್ಕ ಅವಧಿ. ಬೇ ಏರಿಯಾದಲ್ಲೇ ಡಿ ಆನ್ಜಾ, ಫುಟ್‌ಹಿಲ್ ಕ್ವಾರ್ಟರ್‌ನವು, ಬಹುಪಾಲು ಉಳಿದವು ಸೆಮಿಸ್ಟರ್‌ನವು. 60 ಸೆಮಿಸ್ಟರ್ ಯೂನಿಟ್ ಅಂದರೆ 90 ಕ್ವಾರ್ಟರ್ ಯೂನಿಟ್. ಈ ಗುಣಾಕಾರ ಕಷ್ಟವಲ್ಲ. ಕಷ್ಟ ಬರುವುದು ಮೂರು ಕ್ವಾರ್ಟರ್‌ನ ಫಿಸಿಕ್ಸ್ ಸರಣಿಯಲ್ಲಿ ಎರಡನ್ನು ಇಲ್ಲಿ ಮುಗಿಸಿ, ಮೂರನೆಯದು ಸಿಗದೆ ಪಕ್ಕದ ಸೆಮಿಸ್ಟರ್ ಕಾಲೇಜಿಗೆ ಹೋದಾಗ. ಮಧ್ಯದಲ್ಲಿ ಕತ್ತರಿಸಿದ ಸರಣಿ ಎಷ್ಟೋ ಕಡೆ ಸಲ್ಲುವುದಿಲ್ಲ. ಸರಣಿಯನ್ನು ಶುರುಮಾಡಿದ ಕಾಲೇಜಲ್ಲೇ ಮುಗಿಸಿ.

ಗ್ಯಾರಂಟಿಗಳ ಬಗ್ಗೆಯೂ ನಿಮಗೆ ಯಾರಾದರೂ ಹೇಳಿರುತ್ತಾರೆ. ಯುಸಿಯ ಆರು ಕ್ಯಾಂಪಸ್‌ಗಳು (ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್) ಟ್ಯಾಗ್ ಅನ್ನುವ ಖಾತರಿ ಪ್ರವೇಶ ಕೊಡುತ್ತವೆ, ಅರ್ಜಿ ಸೆಪ್ಟೆಂಬರ್‌ನಲ್ಲಿ. ಒಂದೇ ಕ್ಯಾಂಪಸ್‌ಗೆ ಹಾಕಬಹುದು. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋದಲ್ಲಿ ಇಲ್ಲ. ಇರುವ ಕಡೆಯೂ ನಮ್ಮವರೆಲ್ಲ ಮುಗಿಬೀಳುವ ಮೇಜರ್‌ಗಳನ್ನು ಹೊರಗಿಟ್ಟಿರುವುದುಂಟು. ಸಾಂಟಾ ಬಾರ್ಬರಾದ ಇಂಜಿನಿಯರಿಂಗ್ ಕಾಲೇಜಿಗೆ ಟ್ಯಾಗ್ ನಡೆಯುವುದಿಲ್ಲ. ಸಿಎಸ್‌ಯು ಕಡೆ 2010ರ ಕಾನೂನಿಂದ ಬಂದ ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್ ಇದೆ. ಅದನ್ನು ಪಡೆದರೆ ಸಿಎಸ್‌ಯುನಲ್ಲಿ ಎಲ್ಲೋ ಒಂದು ಕಡೆ ಸೀಟು ಖಂಡಿತ. ಆ "ಎಲ್ಲೋ" ನೀವು ಮನೆಯಿಂದ ಓಡಾಡಬಹುದು ಅಂದುಕೊಂಡ ಸ್ಯಾನ್ ಹೋಸೆ ಸ್ಟೇಟ್ ಆಗಿರಬೇಕಿಲ್ಲ. ಅಲ್ಲಿ ಎಲ್ಲ ಮೇಜರ್‌ಗಳಿಗೂ ಸೀಟಿಗಿಂತ ಅರ್ಜಿ ಜಾಸ್ತಿ.

ಇನ್ನು ನಿಮ್ಮ ಪಿಯು. ಇಲ್ಲಿಯ ಹೈಸ್ಕೂಲು ಹುಡುಗರು ಎಪಿ ಅನ್ನುವ ಕಾಲೇಜು ಮಟ್ಟದ ಪರೀಕ್ಷೆ ಬರೆದು ಕ್ಯಾಲ್ಕುಲಸ್ ಕ್ರೆಡಿಟ್ ಹೊತ್ತು ಬರುತ್ತಾರೆ. ನಿಮ್ಮದು ಹನ್ನೆರಡನೇ ಕ್ಲಾಸಿಗೆ ಸಮ, ಅಷ್ಟೇ. ಸೆಕೆಂಡ್ ಪಿಯುನಲ್ಲಿ ಇಂಟಿಗ್ರೇಷನ್ ಅರೆದು ಕುಡಿದಿದ್ದರೂ ಕ್ಯಾಲ್ಕುಲಸ್ ಒಂದರಿಂದ ಶುರು. ಬೇಜಾರು ಮಾಡಿಕೊಳ್ಳಬೇಡಿ, ಜಿಪಿಎಗೆ (ಗ್ರೇಡುಗಳ ಸರಾಸರಿ) ಒಳ್ಳೆಯದು.

ಊರಿನ ಜೊತೆ ಹೋಲಿಸಿದಾಗ ನನಗೆ ಹೆಚ್ಚು ಸಿಟ್ಟು ಬರುತ್ತದೆ. ನನ್ನ ಸೋದರತ್ತೆ ಮಗ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ, ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು, ನೇರ ಬಿಇ ಮೂರನೇ ಸೆಮಿಸ್ಟರ್‌ಗೆ ಕೂತ. ಡಿಪ್ಲೊಮಾದವರಿಗೆ ಗಣಿತ ಕಡಿಮೆ ಅಂತ ವಿಟಿಯುನಲ್ಲಿ ಹೆಚ್ಚುವರಿ ಗಣಿತದ ಪೇಪರ್ ಬರೆಸಿದರು, ಅವನು ಅದಕ್ಕೂ ಗೊಣಗಿದ. ಆದರೆ ಯಾರೂ ಅವನ ಒಂದೊಂದು ಪೇಪರಿನ ಸಿಲಬಸ್ ಹಿಡಿದು, ಇದು ನಮಗಾಗುತ್ತದೆ, ಇದಾಗಲ್ಲ ಅಂತ ಆರಿಸಲಿಲ್ಲ. ಕೊರತೆ ಏನು ಅಂತ ಎಲ್ಲರಿಗೂ ಒಂದೇ ಸಲ ತೀರ್ಮಾನಿಸಿ, ಮೊದಲೇ ಹೇಳಿಬಿಟ್ಟರು. ಕ್ಯಾಲಿಫೋರ್ನಿಯಾದವರು ಈಗ ಆ ದಿಕ್ಕಿಗೆ ನಿಧಾನವಾಗಿ ಬರುತ್ತಿದ್ದಾರೆ: 2021ರ ಕಾನೂನಿನಂತೆ ಎಲ್ಲ ಕಮ್ಯುನಿಟಿ ಕಾಲೇಜುಗಳಲ್ಲೂ ಒಂದೇ ಕೋರ್ಸಿಗೆ ಒಂದೇ ನಂಬರ್ ಕೊಡುವುದು ಶುರುವಾಗಿದೆ. ಸದ್ಯಕ್ಕೆ ಇಂಗ್ಲಿಷ್, ಸ್ಟ್ಯಾಟಿಸ್ಟಿಕ್ಸ್‌ನಂಥವು ಮೊದಲು ಬಂದಿವೆ.

ಸೇರಿದ ಮೇಲೂ ಒಂದಷ್ಟು ಕಾಲ ನೆಲ ಸಿಗುವುದಿಲ್ಲ. ಬೇಸಿಗೆಯ ಇಂಟರ್ನ್‌ಶಿಪ್‌ಗೆ ಕಂಪನಿಗಳು ಬರುವುದೇ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ನಿಮಗೆ ಲೈಬ್ರರಿ ಎಲ್ಲಿದೆ ಅಂತ ಗೊತ್ತಾಗುವ ಮೊದಲೇ. ಹಳೆಯ ಜಿಪಿಎ ಬಹಳ ಕಡೆ ಜೊತೆಗೆ ಬರುವುದಿಲ್ಲ, ಹೊಸದು ಇನ್ನೂ ಹುಟ್ಟಿಲ್ಲ. ಉಳಿದವರಿಗೆ ಎರಡು ವರ್ಷದ ಗೆಳೆಯರು, ಪ್ರಾಜೆಕ್ಟ್ ಪಾರ್ಟ್ನರ್‌ಗಳು ಇದ್ದಾರೆ. ಅದರ ಮೇಲೆ ಕನ್ನಡ ಕೂಟದ ಊಟದ ಸಾಲಿನಲ್ಲಿ ಆಂಟಿಯರ "ಕಮ್ಯುನಿಟಿ ಕಾಲೇಜಾ? ಯಾಕೆ, ಬೇರೆಲ್ಲೂ ಸಿಗಲಿಲ್ವಾ?" ಬೇರೆ. ಯುಸಿಯವರೇ ಹೈಸ್ಕೂಲಿಂದ ನೇರ ಬಂದ ಇಬ್ಬರು ಫ್ರೆಶ್‌ಮನ್‌ಗೆ ಒಬ್ಬ ಟ್ರಾನ್ಸ್‌ಫರ್ ವಿದ್ಯಾರ್ಥಿ ಅನ್ನುವ ಗುರಿ ಇಟ್ಟುಕೊಂಡಿದ್ದಾರೆ, ಆಂಟಿಯರಿಗೆ ಅದು ತಿಳಿದಿಲ್ಲ. ನಕ್ಕು ಹೋಳಿಗೆ ಹಾಕಿಸಿಕೊಂಡು ಮುಂದೆ ಹೋಗಿ.

ಕೊನೆಗೆ ನಿಮಗೆ ಎಲ್ಲಕ್ಕಿಂತ ತುರ್ತಾದದ್ದು, ನೀವು ಪ್ರಶ್ನೆಯಲ್ಲಿ ವೀಸಾ ಯಾವುದು ಅಂತ ಬರೆದಿಲ್ಲ. ಎಚ್-4 ಆಗಿದ್ದರೆ ಈ ರಾಜ್ಯದಲ್ಲಿ ನೆಲೆಸಿ ಒಂದು ವರ್ಷ ಒಂದು ದಿನ ಆದಮೇಲೆ ನಿವಾಸಿ ಫೀಸು ಕೇಳಬಹುದು, ಹಾಗಾಗಿ ಮೊದಲ ವರ್ಷ 46 ಡಾಲರ್ ಅನ್ನುವ ಲೆಕ್ಕ ನಿಮಗೆ ಅನ್ವಯಿಸದೇ ಇರಬಹುದು. ಫೆಡರಲ್ ಸಹಾಯಧನ ಎಚ್-4ಗೆ ಇಲ್ಲ. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಎಫ್-1ಗೆ (ವಿದ್ಯಾರ್ಥಿ ವೀಸಾ) ಬದಲಾದರೆ ಸಾಮಾನ್ಯವಾಗಿ ಹೊರರಾಜ್ಯದವರ ಫೀಸು, ಯುಸಿಯಲ್ಲಿ ಅದು ವರ್ಷಕ್ಕೆ 30 ಸಾವಿರ ಡಾಲರ್‌ಗೂ ಮೇಲೆ ಹೆಚ್ಚುವರಿ. ಅಂದರೆ ನಿಮ್ಮ ಮಟ್ಟಿಗೆ ಒಂದು ಸೆಮಿಸ್ಟರ್ ತಡವಾದರೆ ಬರೀ ಬೇಜಾರಿನ ವಿಷಯವಲ್ಲ. ನಿಮ್ಮ ಹುಟ್ಟಿದ ದಿನಾಂಕ ಮತ್ತು ಅಪ್ಪನ ಗ್ರೀನ್ ಕಾರ್ಡ್ ಅರ್ಜಿಯ ಸ್ಥಿತಿ ಎದುರಿಗಿಟ್ಟುಕೊಂಡು ಇವತ್ತೇ ಒಬ್ಬ ಇಮಿಗ್ರೇಷನ್ ವಕೀಲರನ್ನು ಕೇಳಿ, ಕಾಲೇಜಿನ ರೆಸಿಡೆನ್ಸಿ ಆಫೀಸಿನಲ್ಲೂ ಕೇಳಿ. ಕೋರ್ಸುಗಳ ಮಾತು ಆಮೇಲೆ. ಮೇಜರ್ ಯಾವುದು, ಯಾವ ಎರಡು ಕ್ಯಾಂಪಸ್ ಮನಸ್ಸಲ್ಲಿದೆ ಅಂತ ಕೆಳಗೆ ಬರೆದರೆ, ಅಸಿಸ್ಟ್ ಪಟ್ಟಿ ತೆಗೆದು ಮೊದಲ ಸೆಮಿಸ್ಟರ್‌ಗೆ ಯಾವುದು ತಗೊಳ್ಳಬೇಕು ಅಂತ ಹೇಳುತ್ತೇನೆ. ಎರಡು ಸಾಕು, ನಾಲ್ಕು ಬೇಡ.