ಅಜ್ಜಿಯ ಟ್ರಂಕಿನ ಗೋವಾ ನೋಟು

ಪ್ರಶ್ನೆ: ಅಜ್ಜಿಯ ಟ್ರಂಕಿನಲ್ಲಿ ಒಂದು ಹಳೇ ನೋಟು ಸಿಕ್ಕಿತು. ಉದ್ದ ಗಡ್ಡದವನ ಚಿತ್ರ, 1959 ಎಂಬ ಇಸವಿ, ‘ಬಾಂಕೊ ನಾಸಿಯೊನಾಲ್ ಉಲ್ಟ್ರಾಮಾರಿನೊ’ ಎಂಬ ಹೆಸರಿದೆ. ಇದು ಯಾವ ಬ್ಯಾಂಕು? ಈ ನೋಟು ಈಗ ನಡೆಯುತ್ತದೆಯೇ?
– ಓದುಗರೊಬ್ಬರು, ಕಾರವಾರ

ಉತ್ತರ: ಆ ಗಡ್ಡದವನು 1510ರಲ್ಲಿ ಗೋವಾ ಗೆದ್ದ ಪೋರ್ಚುಗೀಸ್ ಸೇನಾನಿ ಅಫೊನ್ಸೊ ಡಿ ಅಲ್ಬುಕರ್ಕ್. ನಿಮ್ಮದು ಪೋರ್ಚುಗೀಸರ ಕೈಯಲ್ಲಿದ್ದ ಗೋವಾದ ಹಣ, ಎಸ್ಕುಡೊ ನೋಟು. ಅದಕ್ಕೂ ಮೊದಲು ಗೋವಾದಲ್ಲಿ ರೂಪಿಯಾ ಇತ್ತು. ನಮ್ಮ ರೂಪಾಯಿಗೆ 16 ಆಣೆ ಇದ್ದ ಹಾಗೆ ರೂಪಿಯಾಗೆ 16 ಟಾಂಗಾ. ಎಸ್ಕುಡೊ ಬಂದಾಗ ಒಂದು ರೂಪಿಯಾಗೆ ಆರು ಎಸ್ಕುಡೊ ಕೊಟ್ಟರು. ಈಗ ಅಂಗಡಿಯಲ್ಲಿ ಇದು ನಡೆಯುವುದಿಲ್ಲ.

ಪೋರ್ಚುಗಲ್ ತನ್ನ ವಸಾಹತುಗಳಿಗಾಗಿ 1864ರಲ್ಲಿ ಲಿಸ್ಬನ್‌ನಲ್ಲಿ ಕಟ್ಟಿದ ಬ್ಯಾಂಕು ಇದು. 1868ರಲ್ಲಿ ಗೋವಾಕ್ಕೆ ಬಂತು, 1902ರಲ್ಲಿ ಚೀನಾ ಕರಾವಳಿಯ ಮಕಾವ್‌ಗೆ. ನೋಟು ಅಚ್ಚು ಹಾಕಿಸುವುದೂ ಅದೇ, ಜನರಿಗೆ ಸಾಲ ಕೊಡುವುದೂ ಅದೇ. ಗೋವಾದ ಜನ ಅಲ್ಲಿ ಒಡವೆ ಅಡವಿಟ್ಟು ಸಾಲ ತರುತ್ತಿದ್ದರು.

ಆ ಒಡವೆಗಳ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. 1961ರ ಡಿಸೆಂಬರಿನಲ್ಲಿ ಭಾರತದ ಸೈನ್ಯ ಗೋವಾಕ್ಕೆ ಬಂತು. ಅದಕ್ಕೂ ಮೊದಲೇ ಅಡವಿಟ್ಟ ಚಿನ್ನ ಹಡಗು ಹತ್ತಿ ಲಿಸ್ಬನ್ ಸೇರಿತ್ತು. ಬಳೆ, ಸರ, ಓಲೆ, ಎಲ್ಲಾ. ಅದು ಗೋವಾಕ್ಕೆ ವಾಪಸ್ ಬಂದದ್ದು 1991ರಲ್ಲಿ. ಮೂವತ್ತು ವರ್ಷ! ಅಷ್ಟರಲ್ಲಿ ಅಡವಿಟ್ಟ ಎಷ್ಟೋ ಜನ ತೀರಿಕೊಂಡಿದ್ದರು.

ನಾನು ಬ್ಯಾಂಕಿನ ಚಿನ್ನದ ಸಾಲದ ಕೌಂಟರಿನಲ್ಲಿ ಹನ್ನೊಂದು ವರ್ಷ ಕೂತವನು. ಒಡವೆ ತೂಗಿ, ಪೊಟ್ಟಣ ಕಟ್ಟಿ, ಅರಗಿನ ಮುದ್ರೆ ಒತ್ತುವಾಗ ಹೆಂಗಸರು ಕಣ್ಣು ಕೀಳದೆ ನೋಡುತ್ತಿದ್ದರು. ‘ಜೋಪಾನವಾಗಿ ಇಡ್ತೀರಲ್ವಾ?’ ಎಂದು ಕೇಳದೆ ಹೋದವರು ಕಡಿಮೆ. ಸಾಲ ತೀರಿಸಿದ ದಿನ ಅದೇ ಪೊಟ್ಟಣ ಅದೇ ಕೈಗೆ ಹೋಗಬೇಕು. ಗಡಿ ಬದಲಾಯಿತು, ಸರ್ಕಾರ ಬದಲಾಯಿತು ಎಂದು ಅದನ್ನು ದೂರ ಒಯ್ದದ್ದು ಖಂಡಿತ ತಪ್ಪು.

ಲಿಸ್ಬನ್‌ನ ಈ ಬ್ಯಾಂಕು 2001ರಲ್ಲಿ ಅಲ್ಲಿನ ಸರ್ಕಾರಿ ಬ್ಯಾಂಕಿನಲ್ಲಿ ಸೇರಿಹೋಯಿತು. ಮಕಾವ್‌ನಲ್ಲಿ ಮಾತ್ರ ಹಳೇ ಹೆಸರು ಉಳಿದಿದೆ. ಅಲ್ಲಿನ ಪಟಾಕಾ ನೋಟುಗಳ ಮೇಲೆ ಇವತ್ತಿಗೂ ಅದನ್ನು ಕಾಣಬಹುದು.

ನೋಟನ್ನು ಮಡಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಹಳೇ ನೋಟು ಕೂಡಿಡುವವರು ಅದರ ಸ್ಥಿತಿ ನೋಡಿ ಬೆಲೆ ಕಟ್ಟುತ್ತಾರೆ. ಟ್ರಂಕನ್ನು ಇನ್ನೊಮ್ಮೆ ಪೂರ್ತಿ ತೆಗೆದು ನೋಡಿ. ಪೋರ್ಚುಗೀಸಿನಲ್ಲಿ ಬರೆದ ಅಡವಿನ ಚೀಟಿ ಏನಾದರೂ ಇದ್ದರೆ ನೋಟಿಗಿಂತ ಜಾಸ್ತಿ ಜೋಪಾನ ಮಾಡಿ.